ಡ್ಯೂಟಿಯಲ್ಲಿ ಇಲ್ಲದಾಗ ರಸ್ತೆ ಅಪಘಾತ ಎದುರಾದರೆ: ತುರ್ತು ವೈದ್ಯಕೀಯ ತರಬೇತಿಯಲ್ಲಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಬ್ಯಾಚಿನಲ್ಲಿಯೂ ಹಬ್ಬದ ರಜೆ ಮುಗಿಸಿ ಊರಿನಿಂದ ಮರಳಿದ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ತರಗತಿ ಮುಗಿದ ಮೇಲೆ ಹಿಂದೆ ಉಳಿದುಕೊಂಡು, ದಾರಿಯಲ್ಲಿ ಕಂಡ ಅಪಘಾತದ ಮಾತು ತೆಗೆಯುತ್ತಾರೆ. ಬಸ್ಸಿನಿಂದ ಇಳಿಯದೆ ಬಂದುಬಿಟ್ಟೆನಲ್ಲಾ ಎಂಬ ಕೊರಗು ಕೆಲವರದು. ಇಳಿದು ಮಾಡಿದ್ದು ಸರಿಯಾಯಿತೋ ಇಲ್ಲವೋ ಎಂಬ ಅಳುಕು ಇನ್ನು ಕೆಲವರದು. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟುಮಾಡಿ ಉತ್ತರಿಸಿದ್ದೇನೆ. ಕರ್ನಾಟಕದಲ್ಲಿ ಓದುತ್ತಿರುವ, ಇನ್ನೂ ಪ್ರಮಾಣಪತ್ರ ಕೈಸೇರದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಕಾನೂನಿಗೆ ಸಂಬಂಧಿಸಿದ ಉತ್ತರಗಳು ತಿಳಿವಳಿಕೆಗಾಗಿ ಮಾತ್ರ; ನಿಜವಾಗಿಯೂ ಪ್ರಕರಣವೊಂದು ಎದುರಾದರೆ ವಕೀಲರನ್ನೇ ಕಾಣಬೇಕು.

ಪ್ರಶ್ನೆ: ಅಪಘಾತ ಕಂಡಾಗ ನಾನು ನಿಲ್ಲಲೇಬೇಕೆಂಬ ಕಾನೂನು ಇದೆಯೇ?

ದಾರಿಹೋಕರಾಗಿ ಹೋಗುತ್ತಿರುವ ನಿಮ್ಮ ಮೇಲೆ ಮೋಟಾರು ವಾಹನ ಕಾಯ್ದೆಯು ಅಂಥ ಕಡ್ಡಾಯವನ್ನು ಹೇರಿಲ್ಲ. ಅಪಘಾತದಲ್ಲಿ ಭಾಗಿಯಾದ ವಾಹನದ ಚಾಲಕ ಮತ್ತು ಆ ವಾಹನದ ಹೊಣೆ ಹೊತ್ತವರ ಮೇಲೆ ಮಾತ್ರ 134ನೇ ಕಲಮು ಕರ್ತವ್ಯವನ್ನು ಹೊರಿಸುತ್ತದೆ. ಹಾಗಿದ್ದರೂ ಕಲಿತ ಕೈ ಸುಮ್ಮನಿರುವುದು ಕಷ್ಟವೆಂಬುದನ್ನು ನಾನು ಬಲ್ಲೆ. ನಿಮ್ಮ ಜೊತೆ ಪುಟ್ಟ ಮಗುವಿದ್ದರೆ, ಕತ್ತಲಲ್ಲಿ ಒಬ್ಬರೇ ಇದ್ದರೆ, ಅಥವಾ ಆ ಜಾಗದಲ್ಲಿ ಇಳಿಯುವುದೇ ಅಪಾಯವೆನಿಸಿದರೆ, ಮುಂದೆ ಹೋಗಿ ಸುರಕ್ಷಿತ ಸ್ಥಳದಲ್ಲಿ ನಿಂತು ಸರಿಯಾದ ವಿಳಾಸದೊಂದಿಗೆ 108ಕ್ಕೆ ಕರೆ ಮಾಡುವುದೂ ಪೂರ್ಣ ಪ್ರಮಾಣದ ಸಹಾಯವೇ. ಅದಕ್ಕಾಗಿ ಯಾರೂ ನಾಚಿಕೆಪಡಬೇಕಾಗಿಲ್ಲ.

ಪ್ರಶ್ನೆ: ನಾನಿನ್ನೂ ವಿದ್ಯಾರ್ಥಿ. ನನ್ನ ಕೈಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಕೇಸು ಬೀಳುತ್ತದೆಯೇ?

2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಸದುದ್ದೇಶದಿಂದ, ಸ್ವಇಚ್ಛೆಯಿಂದ, ಯಾವ ಪ್ರತಿಫಲವನ್ನೂ ನಿರೀಕ್ಷಿಸದೆ, ಅಪಘಾತದ ಸ್ಥಳದಲ್ಲಿ ಗಾಯಾಳುವಿಗೆ ತುರ್ತು ನೆರವು ನೀಡುವ ಅಥವಾ ಆತನನ್ನು ಆಸ್ಪತ್ರೆಗೆ ಸಾಗಿಸುವ ವ್ಯಕ್ತಿಯನ್ನು ಅದು ಗುಡ್ ಸಮರಿಟನ್ ಎಂದು ಗುರುತಿಸುತ್ತದೆ. ನೆರವು ನೀಡುವಾಗ ಅಂಥವರಿಂದ ನಿರ್ಲಕ್ಷ್ಯವೇ ಆಗಿ ಗಾಯಾಳುವಿಗೆ ಹಾನಿಯಾದರೂ, ಸಾವೇ ಸಂಭವಿಸಿದರೂ, ಅವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ. ನೆರವು ವೈದ್ಯಕೀಯವಾಗಿರಲಿ ಇಲ್ಲದಿರಲಿ, ಎರಡನ್ನೂ ಕಾಯ್ದೆ ಒಂದೇ ಉಸಿರಿನಲ್ಲಿ ಹೇಳುವುದರಿಂದ, ವಿದ್ಯಾರ್ಥಿಗೆ ಬೇರೆ ಅಳತೆ, ದಾರಿಹೋಕನಿಗೆ ಬೇರೆ ಅಳತೆ ಎಂಬುದಿಲ್ಲ.

ಕರ್ನಾಟಕವು ಈ ವಿಷಯದಲ್ಲಿ ಕೇಂದ್ರಕ್ಕಿಂತ ಮುಂದಿತ್ತು. 2016ರಲ್ಲಿ ವಿಧಾನಮಂಡಲವು ಒಪ್ಪಿದ ರಾಜ್ಯದ ಗುಡ್ ಸಮರಿಟನ್ ಮತ್ತು ವೈದ್ಯಕೀಯ ವೃತ್ತಿಪರರ ರಕ್ಷಣಾ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದಕ್ಕೂ ಮುನ್ನ, 2016ರ ಮಾರ್ಚ್ 30ರಂದು, ರಸ್ತೆ ಸುರಕ್ಷತೆಗಾಗಿ ದುಡಿಯುವ ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೆರವಾದವರ ರಕ್ಷಣೆಗಾಗಿ ಕೇಂದ್ರ ಹೊರಡಿಸಿದ್ದ ಮಾರ್ಗಸೂಚಿಗಳಿಗೆ ಕಾನೂನಿನ ಬಲವನ್ನು ಕೊಟ್ಟಿತ್ತು.

ಆದರೆ ಒಂದು ಮಾತನ್ನು ಸೇರಿಸಲೇಬೇಕು. ಸದುದ್ದೇಶ ಎಂಬ ಪದ ನಿಮ್ಮನ್ನು ಕಾಯುವುದು ನೀವು ಗಾಯಾಳುವಿನ ಹಿತಕ್ಕಾಗಿ ಕೈ ಚಾಚಿದಾಗ. ಒಮ್ಮೆಯೂ ಜೀವಂತ ರೋಗಿಯ ಮೇಲೆ ಮಾಡಿರದ ವಿಧಾನವನ್ನು ರಸ್ತೆಬದಿಯಲ್ಲಿ ಮಾಡಿ ನೋಡುವ ಹುಮ್ಮಸ್ಸಿಗೆ ಆ ಪದವನ್ನು ಹೊದಿಕೆ ಮಾಡಿಕೊಳ್ಳಬಾರದು.

ಪ್ರಶ್ನೆ: ತರಗತಿಯಲ್ಲಿ ಕಲಿತದ್ದನ್ನೆಲ್ಲ ಅಲ್ಲಿ ಮಾಡಬಹುದೇ?

ಬೇಡ. ಈ ಪುಟದಲ್ಲಿ ನಾನು ಒತ್ತಿ ಹೇಳಬೇಕಾದದ್ದು ಏನಾದರೂ ಇದ್ದರೆ ಇದೇ. 108ರ ವಾಹನದಲ್ಲಿರುವ ತಂತ್ರಜ್ಞ ಒಂಟಿಯಲ್ಲ. ಪಕ್ಕದಲ್ಲಿ ಪೈಲಟ್ (ಆಂಬುಲೆನ್ಸ್ ಚಾಲಕ) ಇರುತ್ತಾರೆ, ಹಿಂದೆ ಆಮ್ಲಜನಕವೂ ಬಾಯಿ, ಗಂಟಲಿನ ದ್ರವವನ್ನು ಹೀರಿ ತೆಗೆಯುವ ಸಕ್ಷನ್ ಯಂತ್ರವೂ ಇರುತ್ತವೆ, ಕರೆ ಮಾಡಿದರೆ ಕೇಂದ್ರದಲ್ಲಿ ಕುಳಿತ ವೈದ್ಯರು ಆದೇಶ ಕೊಡುತ್ತಾರೆ, ಮಾಡಿದ್ದೆಲ್ಲವೂ ದಾಖಲೆಗೆ ಹೋಗುತ್ತದೆ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟ ನಿಮ್ಮ ಬಳಿ ಇವುಗಳಲ್ಲಿ ಯಾವುದೂ ಇರುವುದಿಲ್ಲ. ಆದ್ದರಿಂದ ರಕ್ತನಾಳಕ್ಕೆ ಸೂಜಿ ಹಾಕುವುದು, ಔಷಧ ಕೊಡುವುದು, ಗಂಟಲಿಗೆ ಕೊಳವೆ ಇಳಿಸುವುದು, ಎದೆಗೆ ಸೂಜಿ ಚುಚ್ಚುವುದು ಇವೆಲ್ಲ ನಿಮಗೆ ಬಾಯಿಪಾಠವಾಗಿದ್ದರೂ ಅಲ್ಲಿ ನಿಷಿದ್ಧವೆಂದೇ ತಿಳಿಯಿರಿ.

ಹಾಗಾದರೆ ನಿಮ್ಮ ತರಬೇತಿಯಿಂದ ಪ್ರಯೋಜನವೇನು? ಸುತ್ತ ನಿಂತ ಮೂವತ್ತು ಜನರಲ್ಲಿ ಯಾರಿಗೂ ಕಾಣದ ಮೂರು ಸಂಗತಿಗಳು ನಿಮಗೆ ಕಾಣುತ್ತವೆ: ಯಾರ ಉಸಿರಾಟ ಕಟ್ಟುತ್ತಿದೆ, ಯಾರ ರಕ್ತ ಹರಿದುಹೋಗುತ್ತಿದೆ, ಯಾರನ್ನು ಈಗ ಅಲುಗಾಡಿಸಬಾರದು. ಬರಿಗೈಯಲ್ಲಿ ಆ ಮೂರನ್ನು ನೋಡಿಕೊಂಡು, ಬಂದ ಆಂಬುಲೆನ್ಸಿಗೆ ಅಚ್ಚುಕಟ್ಟಾಗಿ ಒಪ್ಪಿಸಿದರೆ ನಿಮ್ಮ ಪಾಲಿನ ಕೆಲಸ ಮುಗಿಯಿತು.

ಪ್ರಶ್ನೆ: ಸ್ಥಳಕ್ಕೆ ತಲುಪಿದ ಮೊದಲ ನಿಮಿಷದಲ್ಲಿ ಏನು ಮಾಡಬೇಕು?

ಗಾಯಾಳುವಿನ ಕಡೆ ಓಡಬೇಡಿ, ನಿಂತು ನೋಡಿ. ನಿಮ್ಮ ವಾಹನವನ್ನು ರಸ್ತೆಯ ಅಂಚಿಗೆ ತೆಗೆದು, ನಾಲ್ಕೂ ಸೂಚಕ ದೀಪಗಳನ್ನು ಹಾಕಿ, ಹಿಂದಿನಿಂದ ಬರುವವರಿಗೆ ಮೊದಲೇ ತಿಳಿಯುವಂತೆ ಸಾಕಷ್ಟು ದೂರದಲ್ಲಿ ತ್ರಿಕೋನ ಫಲಕವನ್ನೋ, ಅದಿಲ್ಲದಿದ್ದರೆ ಸೊಪ್ಪಿನ ಕೊಂಬೆಗಳನ್ನೋ ಇರಿಸಿ. ನಮ್ಮ ಲಾರಿ ಚಾಲಕರಿಗೆ ರಸ್ತೆಯ ಮೇಲಿನ ಹಸಿರು ಕೊಂಬೆ ಯಾವ ಫಲಕಕ್ಕಿಂತಲೂ ಬೇಗ ಅರ್ಥವಾಗುತ್ತದೆ. ಹೆದ್ದಾರಿಯಲ್ಲಿ ನೆರವಿಗೆ ನಿಂತವರ ಮೇಲೆಯೇ ಇನ್ನೊಂದು ವಾಹನ ಹರಿದ ಸುದ್ದಿಗಳು ಅಪರೂಪವೇನಲ್ಲ.

ವಿದ್ಯುತ್ ಕಂಬಕ್ಕೆ ಗುದ್ದಿದ ವಾಹನವಾದರೆ ಮೇಲೆ ನೋಡಿ. ತಂತಿ ತುಂಡಾಗಿ ವಾಹನದ ಮೇಲೆ ಬಿದ್ದಿದ್ದರೆ ಹತ್ತಿರ ಹೋಗಬೇಡಿ; ಬೆಂಕಿ ಹತ್ತದಿರುವವರೆಗೆ ಒಳಗಿರುವವರು ಒಳಗೇ ಇರಲೆಂದು ದೂರದಿಂದ ಕೂಗಿ ಹೇಳಿ, 1912ಕ್ಕೆ ಕರೆ ಮಾಡಿ ವಿದ್ಯುತ್ ಕಡಿತಗೊಳಿಸಲು ಕೇಳಿ. ಟ್ಯಾಂಕರ್ ಉರುಳಿ ಅನಿಲ ಸೋರುವ ವಾಸನೆ ಬಂದರೆ ಎಲ್ಲರನ್ನೂ ಗಾಳಿಗೆ ಎದುರಾದ ದಿಕ್ಕಿನಲ್ಲಿ ದೂರ ಕಳುಹಿಸುವುದಷ್ಟೇ ನಿಮ್ಮ ಕೆಲಸ. 2013ರ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಉರುಳಿದ ಗ್ಯಾಸ್ ಟ್ಯಾಂಕರಿನ ಬೆಂಕಿ ಏನು ಮಾಡಿತೆಂಬುದು ಆ ಭಾಗದವರಿಗೆ ಮರೆತಿಲ್ಲ. ಇತ್ತೀಚೆಗೆ ಹೆಚ್ಚಿರುವ ಬ್ಯಾಟರಿ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಹೊರಗೆ ಕಂಡರೆ ಮುಟ್ಟಬಾರದು.

ಪ್ರಶ್ನೆ: 108, 112, 1033 ಇವುಗಳಲ್ಲಿ ಯಾವುದಕ್ಕೆ ಕರೆ ಮಾಡಬೇಕು? ಏನು ಹೇಳಬೇಕು?

ಆಂಬುಲೆನ್ಸಿಗೆ 108. ಪೊಲೀಸ್ ಮತ್ತು ಅಗ್ನಿಶಾಮಕ ದಳವೂ ಬೇಕಾದಾಗ 112. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಕರೆ ಮಾಡಿದಾಗ ಹೆದ್ದಾರಿಯ ಗಸ್ತು ವಾಹನ, ಕ್ರೇನ್, ಆಂಬುಲೆನ್ಸ್ ದೊರೆಯುತ್ತವೆ. ಸುತ್ತ ಜನರಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆಯನ್ನು ಹಂಚಿ. "ಯಾರಾದರೂ ಫೋನ್ ಮಾಡಿ" ಎಂದರೆ ಯಾರೂ ಮಾಡುವುದಿಲ್ಲ, "ಕೆಂಪು ಶರ್ಟಿನ ಅಣ್ಣಾ, ನೀವು 108ಕ್ಕೆ ಮಾಡಿ, ಮಾಡಿದ ಮೇಲೆ ನನಗೆ ಹೇಳಿ" ಎಂದರೆ ಕೆಲಸವಾಗುತ್ತದೆ.

ಹೇಳಬೇಕಾದದ್ದರಲ್ಲಿ ಮೊದಲನೆಯದು ಸ್ಥಳ, ಏಕೆಂದರೆ ಕರೆ ಕಡಿತವಾದರೂ ವಾಹನ ಹೊರಡುವಂತಿರಬೇಕು. ಕಿಲೋಮೀಟರ್ ಕಲ್ಲಿನ ಸಂಖ್ಯೆ, ಹತ್ತಿರದ ಪೆಟ್ರೋಲ್ ಬಂಕ್ ಅಥವಾ ಟೋಲ್, ಮುಖ್ಯವಾಗಿ ರಸ್ತೆಯ ಯಾವ ಪಾರ್ಶ್ವ ಎಂಬುದನ್ನು ಹೇಳಿ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ಮೈಸೂರಿನತ್ತ ಹೋಗುವ ಪಾರ್ಶ್ವವೋ ಬೆಂಗಳೂರಿನತ್ತ ಬರುವ ಪಾರ್ಶ್ವವೋ ಎಂಬುದು ತಿಳಿಯದಿದ್ದರೆ, ಎದುರುಗಡೆ ಬಂದು ನಿಂತ ಆಂಬುಲೆನ್ಸ್ ತಿರುಗಿ ಬರಲು ಹಲವು ಕಿಲೋಮೀಟರ್ ಸುತ್ತಬೇಕಾಗುತ್ತದೆ. ಆಮೇಲೆ ಗಾಯಾಳುಗಳ ಸಂಖ್ಯೆ, ಪ್ರಜ್ಞೆ ಇಲ್ಲದವರೆಷ್ಟು, ಒಳಗೆ ಸಿಲುಕಿದವರಿದ್ದಾರೆಯೇ ಎಂಬುದನ್ನು ತಿಳಿಸಿ. ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಸಿಗ್ನಲ್ ಸಿಗದಿದ್ದರೆ ಕೆಳಗಿಳಿಯುವ ಬಸ್ಸಿನ ಕಂಡಕ್ಟರ್ ಕೈಗೆ ವಿವರ ಬರೆದ ಚೀಟಿಯನ್ನು ಕೊಡುವ ಹಳೆಯ ಉಪಾಯ ಇಂದಿಗೂ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಜನ ಗುಂಪುಗೂಡಿ, ಕೈಕಾಲು ಹಿಡಿದು ಎತ್ತಲು ತೊಡಗಿದ್ದಾರೆ. ಹುಡುಗ ಹೇಳಿದ ಮಾತನ್ನು ಯಾರು ಕೇಳುತ್ತಾರೆ?

ಪಠ್ಯದಲ್ಲಿ ಇಲ್ಲದ, ಆದರೆ ಅಲ್ಲಿ ಅತಿ ಹೆಚ್ಚು ಶ್ರಮ ಬೇಡುವ ಕೆಲಸ ಇದು. ನಮ್ಮ ಜನರಿಗೆ ನೆರವಾಗುವ ಮನಸ್ಸಿಗೆ ಕೊರತೆಯಿಲ್ಲ. ಏನು ಮಾಡಬೇಕೆಂದು ತೋಚದೆ ಕೈಗೆ ಸಿಕ್ಕಿದ್ದನ್ನು ಮಾಡುತ್ತಾರೆ. ಅವರನ್ನು ಗದರಿದರೆ ನೀವು ಒಬ್ಬರೇ ಆಗಿಬಿಡುತ್ತೀರಿ. "ನಾನು ಆಂಬುಲೆನ್ಸ್ ತರಬೇತಿಯಲ್ಲಿದ್ದೇನೆ, ನಿಮ್ಮ ಸಹಾಯ ಬೇಕು" ಎಂಬ ಒಂದು ವಾಕ್ಯದಿಂದ ಶುರುಮಾಡಿ, ಕೂಡಲೇ ಪ್ರತಿಯೊಬ್ಬರ ಕೈಗೂ ಒಂದೊಂದು ಕೆಲಸ ಕೊಡಿ. ಗಟ್ಟಿ ದನಿಯವರಿಗೆ ಸಂಚಾರ ನಿಯಂತ್ರಣ, ಹಿರಿಯರಿಗೆ ಗುಂಪನ್ನು ಹಿಂದೆ ಸರಿಸುವ ಹೊಣೆ, ಹೆಂಗಸರಿದ್ದರೆ ಗಾಯಗೊಂಡ ಹೆಣ್ಣುಮಗಳ ಪಕ್ಕದಲ್ಲಿ ಕುಳಿತು ಸೀರೆ ಅಥವಾ ದುಪಟ್ಟಾದ ಮರೆ ಮಾಡುವ ಕೆಲಸ. ನೀವು ವೈದ್ಯರೆಂದು ಮಾತ್ರ ಹೇಳಿಕೊಳ್ಳಬೇಡಿ, ಬೇರೆಯವರು ಹಾಗೆ ಕರೆದರೆ ತಿದ್ದಿ.

ನೀರು, ಸೋಡಾ, ಕಾಫಿ ಕುಡಿಸಲು ಯಾರಾದರೂ ಬಂದೇ ಬರುತ್ತಾರೆ. ಪ್ರಜ್ಞೆ ಮಂಕಾದವರ ಗಂಟಲಿಗೆ ಇಳಿದ ನೀರು ಶ್ವಾಸಕೋಶ ಸೇರಬಹುದು. ಮುಂದೆ ಶಸ್ತ್ರಚಿಕಿತ್ಸೆಗೂ ತೊಡಕು. "ತುಟಿ ಒದ್ದೆ ಮಾಡೋಣ, ಕುಡಿಸುವುದು ಬೇಡ" ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ತಲೆಗೆ ಪೆಟ್ಟಾಗಿ ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಕೀಲಿಗೊಂಚಲು ತುರುಕುವವರೊಡನೆ ವಾದಕ್ಕೆ ಇಳಿಯಬೇಡಿ. ಕೀಲಿಯಿಂದ ಪ್ರಯೋಜನವೂ ಇಲ್ಲ, ಕೈಯಲ್ಲಿದ್ದರೆ ದೊಡ್ಡ ಹಾನಿಯೂ ಇಲ್ಲ. ಬಾಯಿಯೊಳಗೆ ಚಮಚ ತುರುಕುವವರನ್ನು ಮಾತ್ರ ತಡೆಯಲೇಬೇಕು.

ಚಾಲಕನಿಗೆ ಹೊಡೆಯುವ ಗುಂಪು ಬೇರೆಯೇ ಸಂಗತಿ. ಅದರೊಳಗೆ ನುಗ್ಗಿ ಬಿಡಿಸಲು ಹೋಗಬೇಡಿ. 112ಕ್ಕೆ ತಿಳಿಸಿ, ಆಗುವುದಾದರೆ "ಈತನಿಗೂ ಪೆಟ್ಟಾಗಿದೆ, ಕೂರಿಸಿ, ನಾನು ನೋಡಬೇಕು" ಎಂದು ಅವನನ್ನೂ ಗಾಯಾಳುವಿನ ಸಾಲಿಗೆ ಸೇರಿಸಿ. ಆ ಮಾತಿಗೆ ಎತ್ತಿದ ಕೈ ಕೆಳಗಿಳಿದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ.

ಪ್ರಶ್ನೆ: ಟೆಂಪೋ ಟ್ರಾವೆಲರ್ ಉರುಳಿ ಹತ್ತು ಹನ್ನೆರಡು ಜನ ಬಿದ್ದಿದ್ದಾರೆ. ಯಾರನ್ನು ಮೊದಲು ನೋಡಬೇಕು?

ಜೋರಾಗಿ ಕೂಗುತ್ತಿರುವವರನ್ನಲ್ಲ. ಕೂಗಲು ಉಸಿರು ಬೇಕು, ಕೂಗುತ್ತಿದ್ದಾರೆಂದರೆ ಶ್ವಾಸಮಾರ್ಗ ತೆರೆದಿದೆ. "ನಡೆಯಲು ಆಗುವವರೆಲ್ಲ ಆ ಮರದ ಕೆಳಗೆ ಬನ್ನಿ" ಎಂದು ಮೊದಲು ಕರೆಯಿರಿ. ಬಂದವರನ್ನು ಆಮೇಲೆ ನೋಡಬಹುದು. ಉಳಿದವರ ಬಳಿ ಒಬ್ಬೊಬ್ಬರಿಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲದೆ ಸಾಗಿ. ಉಸಿರಾಟ ನಿಮಿಷಕ್ಕೆ 30ಕ್ಕಿಂತ ಹೆಚ್ಚಿದ್ದರೆ, ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, "ನನ್ನ ಕೈ ಹಿಸುಕಿ" ಎಂಬಂಥ ಸರಳ ಮಾತನ್ನೂ ಪಾಲಿಸಲಾಗದಿದ್ದರೆ ಅವರೇ ಮೊದಲ ಆಂಬುಲೆನ್ಸಿಗೆ ಹೋಗಬೇಕಾದವರು. ಉಸಿರೇ ಇಲ್ಲದವರ ಶ್ವಾಸಮಾರ್ಗವನ್ನು ಒಮ್ಮೆ ತೆರೆದು ನೋಡಿ. ಆಗಲೂ ಉಸಿರು ಬಾರದಿದ್ದರೆ ಮುಂದಿನವರತ್ತ ಹೋಗಬೇಕು. ಹೀಗೆ ಮುಂದೆ ಹೋಗುವುದು ಮನಸ್ಸಿಗೆ ಎಷ್ಟು ಭಾರವೆಂಬುದನ್ನು ಗಾಯಾಳುಗಳ ಆದ್ಯತೆಯನ್ನು ಗುರುತಿಸಲು ತರಗತಿಯಲ್ಲಿ ಬಳಸುವ ಬಣ್ಣದ ಪಟ್ಟಿಗಳು ಹೇಳಿಕೊಡುವುದಿಲ್ಲ. ಸುತ್ತು ಮುಗಿಯುವವರೆಗೆ ನೀವು ಮಾಡಬಹುದಾದ ಚಿಕಿತ್ಸೆ ಎರಡೇ: ಶ್ವಾಸಮಾರ್ಗ ತೆರೆಯುವುದು, ಚಿಮ್ಮುವ ರಕ್ತಕ್ಕೆ ಒತ್ತಡ ಹಾಕಲು ಪಕ್ಕದಲ್ಲಿದ್ದವರ ಕೈಯನ್ನು ಬಳಸುವುದು.

ಪ್ರಶ್ನೆ: ರಕ್ತಸ್ರಾವ ನಿಲ್ಲುತ್ತಿಲ್ಲ. ಏನಾದರೂ ಬಿಗಿದು ಕಟ್ಟಬಹುದೇ?

ಮೊದಲು ಒತ್ತಡ. ಶುಚಿಯಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನು ಇರಿಸಿ. ಕೈ ಅಥವಾ ಕಾಲಿನ ಗಾಯದಲ್ಲಿ ಇಷ್ಟಾದರೂ ರಕ್ತ ಹರಿಯುತ್ತಲೇ ಇದ್ದರೆ, ಇಲ್ಲವೇ ಅಂಗ ತುಂಡಾಗಿದ್ದರೆ, ಟೂರ್ನಿಕೆಟ್ (ರಕ್ತದ ಹರಿವನ್ನು ತಡೆಯಲು ಬಿಗಿದು ಕಟ್ಟುವ ಪಟ್ಟಿ) ಹಾಕಲು ಹಿಂಜರಿಯಬಾರದು. ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಕೀಲನ್ನು ಬಿಟ್ಟು, ರಕ್ತ ನಿಲ್ಲುವವರೆಗೆ ಬಿಗಿಯಿರಿ. ತಯಾರಾದ ಪಟ್ಟಿ ಇಲ್ಲದಿದ್ದರೆ ಮಡಚಿದ ದುಪಟ್ಟಾ ಅಥವಾ ಟವೆಲ್ಲಿನ ಅಗಲ ಪಟ್ಟಿಗೆ ಗಟ್ಟಿ ಕೋಲು ಸೇರಿಸಿ ತಿರುಚಬಹುದು. ತಂತಿ, ಸೆಣಬಿನ ಹಗ್ಗ, ಚಪ್ಪಲಿಯ ಪಟ್ಟಿ ಬೇಡ. ಅವು ಚರ್ಮವನ್ನು ಕೊಯ್ಯುತ್ತವೆಯೇ ಹೊರತು ಅಪಧಮನಿಯನ್ನು ಮುಚ್ಚುವುದಿಲ್ಲ. ಕಟ್ಟಿದ ಸಮಯವನ್ನು ಗಾಯಾಳುವಿನ ಹಣೆಯ ಮೇಲೆ ಅಥವಾ ಕಟ್ಟಿನ ಮೇಲೆ ಬರೆಯಿರಿ. ಬಿಗಿದ ಮೇಲೆ ಸಡಿಲಿಸುವುದು ಆಸ್ಪತ್ರೆಯವರ ಕೆಲಸ.

ದೇಹಕ್ಕೆ ಚುಚ್ಚಿಕೊಂಡ ಕಬ್ಬಿಣದ ಸರಳು, ಗಾಜಿನ ಚೂರು ಇವನ್ನು ಕೀಳಬಾರದು. ಅದು ಅಲುಗದಂತೆ ಎರಡೂ ಕಡೆ ಬಟ್ಟೆಯ ಸುರುಳಿಯಿಟ್ಟು ಕಟ್ಟಿ.

ಪ್ರಶ್ನೆ: ಬೈಕ್ ಸವಾರನ ಹೆಲ್ಮೆಟ್ ತೆಗೆಯಬೇಕೇ?

ದೇಶದ ರಸ್ತೆ ಅಪಘಾತಗಳಲ್ಲಿ 2022ರಲ್ಲಿ ಮೃತಪಟ್ಟ 1,68,491 ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಆದ್ದರಿಂದ ನಿಮಗೆ ಎದುರಾಗುವ ಮೊದಲ ಗಾಯಾಳು ಬೈಕಿನವನೇ ಆಗಿರುವ ಸಂಭವ ಹೆಚ್ಚು. ಆತ ಮಾತನಾಡುತ್ತಿದ್ದು ಉಸಿರಾಟ ಸರಾಗವಾಗಿದ್ದರೆ ಮುಖದ ಗಾಜನ್ನಷ್ಟೇ ಮೇಲೆತ್ತಿ, ತಲೆಯನ್ನು ಎರಡೂ ಕೈಗಳಿಂದ ನೇರವಾಗಿ ಹಿಡಿದು, ಹೆಲ್ಮೆಟ್ಟನ್ನು ಹಾಗೆಯೇ ಬಿಡಿ. ವಾಂತಿಯಾಗುತ್ತಿದ್ದರೆ, ರಕ್ತ ಬಾಯಲ್ಲಿ ತುಂಬುತ್ತಿದ್ದರೆ, ಉಸಿರಾಟ ಗೊರಗೊರ ಎನ್ನುತ್ತಿದ್ದರೆ ತೆಗೆಯಲೇಬೇಕು. ಇದು ಇಬ್ಬರ ಕೆಲಸ. ತಲೆಯ ಕಡೆ ಕುಳಿತವರು ಹೆಲ್ಮೆಟ್ಟನ್ನು ಎರಡೂ ಬದಿಯಲ್ಲಿ ಹಿಡಿದು ಅಲುಗದಂತೆ ನೋಡಿಕೊಳ್ಳುತ್ತಾರೆ. ಪಕ್ಕದಲ್ಲಿ ಕುಳಿತವರು ಪಟ್ಟಿಯನ್ನು ಬಿಚ್ಚಿ, ಒಂದು ಕೈಯನ್ನು ದವಡೆಗೂ ಇನ್ನೊಂದನ್ನು ಕತ್ತಿನ ಹಿಂಭಾಗದಿಂದ ತಲೆಯ ಬುಡಕ್ಕೂ ಕೊಟ್ಟು ಭಾರ ಹೊರುತ್ತಾರೆ. ಆಮೇಲೆ ಮೊದಲನೆಯವರು ಹೆಲ್ಮೆಟ್ಟನ್ನು ಬದಿಗೆ ಅಗಲಿಸುತ್ತ, ಮೂಗಿಗೆ ತಾಗದಂತೆ ತುಸು ಓರೆ ಮಾಡಿ ಹೊರಗೆಳೆಯುತ್ತಾರೆ. ಹೆಲ್ಮೆಟ್ ಹೊರಬಂದ ಕ್ಷಣದಲ್ಲಿ ತಲೆ ನೆಲಕ್ಕೆ ಜೋಲುವುದೇ ಸಾಮಾನ್ಯವಾಗಿ ಆಗುವ ತಪ್ಪು.

ಶ್ವಾಸಮಾರ್ಗ ತೆರೆಯಲು ತಲೆಯನ್ನು ಹಿಂದಕ್ಕೆ ಬಾಗಿಸದೆ ದವಡೆಯನ್ನು ಮುಂದಕ್ಕೆ ತಳ್ಳುವ ವಿಧಾನವನ್ನೇ ಬಳಸಿ. ಅದರಿಂದ ಆಗದಿದ್ದರೆ ಉಸಿರಿಗೇ ಆದ್ಯತೆ. ಕತ್ತಿನ ಮೂಳೆಯನ್ನು ಕಾಯಲು ಹೋಗಿ ಉಸಿರನ್ನು ಕಳೆಯುವಂತಾಗಬಾರದು.

ಪ್ರಶ್ನೆ: ಉಸಿರೂ ನಾಡಿಯೂ ಇಲ್ಲದಿದ್ದರೆ ಸಿ.ಪಿ.ಆರ್. (ಎದೆಯನ್ನು ಒತ್ತಿ ಹೃದಯವನ್ನು ಮತ್ತೆ ನಡೆಸುವ ಪ್ರಯತ್ನ) ಮಾಡಬೇಕೇ?

ಗಾಯಾಳು ಒಬ್ಬನೇ ಆಗಿದ್ದು, ಸ್ಥಳ ಸುರಕ್ಷಿತವಾಗಿದ್ದರೆ ಮಾಡಬೇಕು. ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ಆದರೆ ಪೆಟ್ಟಿನಿಂದ ನಿಂತ ಹೃದಯಕ್ಕೂ ಹೃದಯಾಘಾತದಿಂದ ನಿಂತ ಹೃದಯಕ್ಕೂ ವ್ಯತ್ಯಾಸವಿದೆ. ಒಳಗೆ ರಕ್ತವೇ ಉಳಿಯದಿದ್ದರೆ ಒತ್ತಿ ಫಲವಿಲ್ಲವಾದ್ದರಿಂದ ಹೊರಗೆ ಕಾಣುವ ದೊಡ್ಡ ರಕ್ತಸ್ರಾವವನ್ನು ಇನ್ನೊಬ್ಬರು ಅದೇ ಹೊತ್ತಿಗೆ ತಡೆಯಬೇಕು. ಹಲವರು ಗಾಯಗೊಂಡಿರುವಲ್ಲಿ ಮೇಲೆ ಹೇಳಿದ ಸುತ್ತಿನ ನಿಯಮವೇ ನಡೆಯಬೇಕು. ಮತ್ತೊಂದು ಮಾತು: "ಹೋಗಿಬಿಟ್ಟರು" ಎಂದು ಸ್ಥಳದಲ್ಲಿ ಘೋಷಿಸುವ ಅಧಿಕಾರ ನಿಮಗಿಲ್ಲ. "ಉಸಿರು ಸಿಗುತ್ತಿಲ್ಲ, ಪ್ರಯತ್ನಿಸುತ್ತಿದ್ದೇವೆ" ಎನ್ನಿ.

ಪ್ರಶ್ನೆ: ಕಾರಿನೊಳಗೆ ಸಿಲುಕಿದವರನ್ನು ಎಳೆದು ತೆಗೆಯಬಹುದೇ?

ಬೆಂಕಿ, ಮುಳುಗುವ ನೀರು, ಉಸಿರುಗಟ್ಟುತ್ತಿರುವ ಗಾಯಾಳು, ಈ ಮೂರು ಸಂದರ್ಭಗಳನ್ನು ಬಿಟ್ಟರೆ ಅವಸರ ಬೇಡ. ಇಗ್ನಿಷನ್ ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿ. ಬಿಚ್ಚಿಕೊಳ್ಳದ ಏರ್‌ಬ್ಯಾಗ್ ಇದ್ದರೆ ಸ್ಟೀರಿಂಗಿಗೂ ಗಾಯಾಳುವಿಗೂ ನಡುವೆ ನಿಮ್ಮ ತಲೆಯನ್ನು ಒಡ್ಡಬೇಡಿ. ಹಿಂದಿನ ಸೀಟಿನಲ್ಲಿ ಕುಳಿತು ಗಾಯಾಳುವಿನ ತಲೆಯನ್ನು ನೇರವಾಗಿ ಹಿಡಿದು, ಹೆಸರು ಹಿಡಿದು ಮಾತನಾಡಿಸುತ್ತ ಕಾಯುವುದು ಕೆಲಸವೇ ಅಲ್ಲವೆಂಬಂತೆ ಕಾಣಬಹುದು. ಅಗ್ನಿಶಾಮಕ ದಳದವರು ಬಂದಾಗ ಅವರು ಮೊದಲು ಕೇಳುವುದು ಆ ಕೈಗಳನ್ನೇ.

ಪ್ರಶ್ನೆ: ಆಂಬುಲೆನ್ಸ್ ತಡವಾಗುತ್ತದೆ ಎಂದಿದ್ದಾರೆ. ಆಟೋದಲ್ಲೋ ಗೂಡ್ಸ್ ಗಾಡಿಯಲ್ಲೋ ಕಳುಹಿಸಬಹುದೇ?

ಇದಕ್ಕೆ ಒಂದೇ ಉತ್ತರವಿಲ್ಲ. ಬೆನ್ನು ಅಥವಾ ಕತ್ತಿಗೆ ಪೆಟ್ಟಾಗಿ, ಉಸಿರಾಟವೂ ರಕ್ತವೂ ಹಿಡಿತದಲ್ಲಿರುವವರು ಕಾಯಬಹುದು. ಹೊಟ್ಟೆ ಬಿಗಿದು, ಮೈ ತಣ್ಣಗಾಗಿ, ಬೆವರುತ್ತ, ನಾಡಿ ಕ್ಷೀಣಿಸುತ್ತಿರುವವರಿಗೆ ಒಳಗೆ ರಕ್ತ ಸೋರುತ್ತಿದೆ. ಅದನ್ನು ರಸ್ತೆಯಲ್ಲಿ ಯಾರೂ ನಿಲ್ಲಿಸಲಾರರು, ಅಂಥವರಿಗೆ ಸಿಕ್ಕ ವಾಹನವೇ ಆಂಬುಲೆನ್ಸ್. ಪೆಟ್ಟಾದ ಬಳಿಕದ ಮೊದಲ ಒಂದು ಗಂಟೆಯನ್ನು ಮೋಟಾರು ವಾಹನ ಕಾಯ್ದೆಯೇ ಸುವರ್ಣ ಗಂಟೆ ಎಂದು ವ್ಯಾಖ್ಯಾನಿಸಿದೆ. ಆಟೋದ ಸೀಟಿನಲ್ಲಿ ಮಡಚಿ ಕೂರಿಸುವುದಕ್ಕಿಂತ, ಹಾಸಿಗೆಯೋ ಹಲಗೆಯೋ ಹಾಕಿದ ಗೂಡ್ಸ್ ಗಾಡಿಯ ಹಿಂಭಾಗದಲ್ಲಿ ಮಲಗಿಸಿ, ನಾಲ್ಕೈದು ಜನ ಒಟ್ಟಿಗೆ ಎತ್ತಿ ಒಯ್ಯುವುದು ವಾಸಿ. ಹೊರಡುವ ಮೊದಲು 108ಕ್ಕೆ ಮತ್ತೆ ಕರೆ ಮಾಡಿ, ಯಾವ ದಾರಿಯಲ್ಲಿ ಹೋಗುತ್ತಿದ್ದೀರಿ ಎಂದು ತಿಳಿಸಿದರೆ ನಡುದಾರಿಯಲ್ಲಿ ಆಂಬುಲೆನ್ಸ್ ಎದುರಾಗುವ ಏರ್ಪಾಡು ಆಗಬಹುದು. ತಲೆಗೆ ಪೆಟ್ಟು ಎಂದಾಕ್ಷಣ ದೂರದ ಜಿಲ್ಲೆಗಳಿಂದ ನೇರವಾಗಿ ನಿಮ್ಹಾನ್ಸ್‌ಗೆ ಹೊರಡುವ ಜನರಿದ್ದಾರೆ. ಉಸಿರಾಟ ಸ್ಥಿರವಾಗದ ಗಾಯಾಳುವನ್ನು ಮೊದಲು ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ನಿಲ್ಲಿಸಬೇಕು.

ಪ್ರಶ್ನೆ: 108 ಬಂದ ಮೇಲೆ ನನ್ನ ಪಾತ್ರವೇನು?

ಒಪ್ಪಿಸಿ, ಪಕ್ಕಕ್ಕೆ ಸರಿಯುವುದು. ಹೇಗೆ ಪೆಟ್ಟಾಯಿತು, ಎಲ್ಲೆಲ್ಲಿ ಗಾಯ, ಉಸಿರು–ನಾಡಿ–ಪ್ರಜ್ಞೆ ಹೇಗಿವೆ, ನೀವೇನು ಮಾಡಿದಿರಿ ಎಂಬ ನಾಲ್ಕನ್ನು ಇದೇ ಕ್ರಮದಲ್ಲಿ ಮುಕ್ಕಾಲು ನಿಮಿಷದೊಳಗೆ ಹೇಳಿ. "ಸುಮಾರು ನಲವತ್ತರ ಗಂಡಸು, ಬೈಕಿನಿಂದ ಹತ್ತು ಅಡಿ ಎಸೆಯಲ್ಪಟ್ಟಿದ್ದಾರೆ, ಬಲತೊಡೆ ಮುರಿದಂತಿದೆ, ಕರೆದರೆ ಕಣ್ಣು ತೆರೆಯುತ್ತಾರೆ, ಉಸಿರಾಟ 24, ಏಳು ಇಪ್ಪತ್ತಕ್ಕೆ ಟೂರ್ನಿಕೆಟ್ ಹಾಕಿದ್ದೇನೆ" ಎಂದರೆ ಸಾಕು. ಬಂದವರು ಪಠ್ಯದಲ್ಲಿ ಇರುವುದಕ್ಕಿಂತ ಬೇರೆ ರೀತಿಯಲ್ಲಿ ಏನಾದರೂ ಮಾಡಿದರೆ ಅಲ್ಲಿಯೇ ತಕರಾರು ತೆಗೆಯಬೇಡಿ. ನಾನು ತರಬೇತಿಯಲ್ಲಿದ್ದಾಗ ಒಮ್ಮೆ ಹಾಗೆ ಮಾಡಿ, ಸ್ಟ್ರೆಚರ್ ಎತ್ತಬೇಕಿದ್ದ ಹೊತ್ತಿನಲ್ಲಿ ಇಬ್ಬರೂ ಮಾತಿಗೆ ಮಾತು ಬೆಳೆಸಿ ನಿಂತಿದ್ದೆವು. ಆ ನಾಚಿಕೆ ಇನ್ನೂ ಹೋಗಿಲ್ಲ.

ಪ್ರಶ್ನೆ: ಪೊಲೀಸರು ಹೆಸರು, ವಿಳಾಸ ಕೇಳಿದರೆ? ಆಸ್ಪತ್ರೆಯವರು ಹಣ ಕಟ್ಟಿ ಎಂದರೆ?

2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ಭಾಗದ ಪ್ರಕಾರ ಹೆಸರು, ವಿಳಾಸ, ಗುರುತು ಹೇಳುವಂತೆ ನಿಮ್ಮನ್ನು ಯಾರೂ ಬಲವಂತಪಡಿಸುವಂತಿಲ್ಲ. ನೀವಾಗಿಯೇ ಹೇಳುವುದಾದರೆ ಹೇಳಬಹುದು. ಸಾಕ್ಷಿಯಾಗಲು ನೀವಾಗಿ ಒಪ್ಪಿದರೆ, ನಿಮಗೆ ಅನುಕೂಲವಾದ ಸ್ಥಳದಲ್ಲಿ ಮತ್ತು ಸಮಯದಲ್ಲಿ, ಸಮವಸ್ತ್ರವಿಲ್ಲದೆ ಬಂದು ಹೇಳಿಕೆ ಪಡೆಯಬೇಕು. ನಿಯಮಗಳ ಸಾರಾಂಶವನ್ನು ಆಸ್ಪತ್ರೆಗಳು ಸ್ಥಳೀಯ ಭಾಷೆಯಲ್ಲಿಯೂ ಪ್ರವೇಶದ್ವಾರದಲ್ಲಿ ಪ್ರದರ್ಶಿಸಬೇಕು. ಗಾಯಾಳುವಿನ ಕುಟುಂಬದವರಲ್ಲದ ನಿಮ್ಮಿಂದ ನೋಂದಣಿ ಅಥವಾ ದಾಖಲಾತಿ ಶುಲ್ಕವನ್ನು ಕೇಳುವಂತಿಲ್ಲ, ನಿಮ್ಮನ್ನು ತಡೆದು ನಿಲ್ಲಿಸುವಂತಿಲ್ಲ. ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಬರೆದು ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ; ಅದಕ್ಕಾಗಿ ಚಿಕಿತ್ಸೆ ಕಾಯಬಾರದೆಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರ ಪ್ರಕರಣದಲ್ಲಿ 1989ರಲ್ಲೇ ಹೇಳಿದೆ. ಕಾಗದದ ಮೇಲಿನ ಈ ಮಾತು ರಾತ್ರಿ ಪಾಳಿಯ ಕೌಂಟರಿನಲ್ಲಿ ಕುಳಿತವರಿಗೆ ತಿಳಿದಿರದೇ ಇರಬಹುದು. ದನಿಯೇರಿಸದೆ ಕರ್ತವ್ಯದಲ್ಲಿರುವ ವೈದ್ಯರನ್ನು ಕೇಳಿ. ಬೇಕಿದ್ದರೆ, ಗಾಯಾಳುವನ್ನು ಕರೆತಂದದ್ದಕ್ಕೆ ಸ್ವೀಕೃತಿ ಪತ್ರವನ್ನೂ ಕೇಳಿ ಪಡೆಯಬಹುದು.

ಪ್ರಶ್ನೆ: ಚಿಕಿತ್ಸೆಯ ಖರ್ಚಿಗೆ ಸರ್ಕಾರದ ನೆರವಿದೆಯೇ? ನೆರವಾದವರಿಗೆ ಬಹುಮಾನ ಉಂಟೇ?

2025ರ ಮೇ ತಿಂಗಳಲ್ಲಿ ಕೇಂದ್ರವು ಪ್ರಕಟಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಡಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಒಬ್ಬ ಗಾಯಾಳುವಿಗೆ ಗರಿಷ್ಠ 1.5 ಲಕ್ಷ ರೂಪಾಯಿಯವರೆಗೆ, ಅಪಘಾತದ ದಿನದಿಂದ 7 ದಿನಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಕರ್ನಾಟಕವು 2016ರಲ್ಲೇ ಮೊದಲ 48 ಗಂಟೆಗಳ ಚಿಕಿತ್ಸೆಗಾಗಿ ಹರೀಶ್ ಸಾಂತ್ವನ ಯೋಜನೆಯನ್ನು ತಂದಿತ್ತು. ಆ ವರ್ಷದ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿ ದೇಹ ಎರಡಾಗಿದ್ದರೂ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡ ಯುವಕನ ಹೆಸರು ಅದು. ಗಾಯಾಳುವನ್ನು ಸುವರ್ಣ ಗಂಟೆಯೊಳಗೆ ಆಸ್ಪತ್ರೆಗೆ ತಲುಪಿಸಿದವರಿಗೆ ಕೇಂದ್ರವು 2021ರಿಂದ 5,000 ರೂಪಾಯಿ ಕೊಡುತ್ತಿತ್ತು, 2025ರಲ್ಲಿ ರಾಹ್‌ವೀರ್ ಎಂಬ ಹೆಸರಿನಲ್ಲಿ ಅದನ್ನು 25,000ಕ್ಕೆ ಏರಿಸಿತು. ಗಾಯಾಳುವಿನ ಮನೆಯವರು ಕೈಗೆ ತುರುಕುವ ಹಣವನ್ನು ಮಾತ್ರ ತೆಗೆದುಕೊಳ್ಳಬೇಡಿ, ಬಸ್ ಚಾರ್ಜಿನ ಹೆಸರಿನಲ್ಲಿಯೂ ಬೇಡ.

ಪ್ರಶ್ನೆ: ಗಾಯಾಳುವಿನ ಫೋನ್, ಪರ್ಸ್, ಒಡವೆಗಳನ್ನು ಏನು ಮಾಡಬೇಕು?

ನೀವೊಬ್ಬರೇ ಮುಟ್ಟಬೇಡಿ. ಮಾಂಗಲ್ಯ ಸರ, ಉಂಗುರ, ಪರ್ಸ್ ಯಾವುದನ್ನೇ ತೆಗೆಯಬೇಕಾದರೂ ಇಬ್ಬರ ಎದುರಿನಲ್ಲಿ ಗಟ್ಟಿಯಾಗಿ ಹೇಳುತ್ತ ತೆಗೆದು, ಪೊಲೀಸರಿಗೋ ಆಂಬುಲೆನ್ಸಿನವರಿಗೋ ಲೆಕ್ಕ ಹೇಳಿ ಒಪ್ಪಿಸಿ. ಫೋನ್ ರಿಂಗಾದರೆ ಎತ್ತಿ. "ಅಪಘಾತವಾಗಿದೆ, ಇಂಥ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾರೆ, ಒಬ್ಬರೇ ಗಾಡಿ ಓಡಿಸಿಕೊಂಡು ಬರಬೇಡಿ" ಎಂಬಷ್ಟನ್ನು ನಿಧಾನವಾಗಿ ಹೇಳಿ. ಆ ಕಡೆಯ ತಾಯಿ "ಜೀವ ಇದೆಯೇನಪ್ಪಾ" ಎಂದು ಕೇಳುತ್ತಾರೆ. ಉತ್ತರ ಗೊತ್ತಿದ್ದರೂ "ವೈದ್ಯರು ಹೇಳುತ್ತಾರಮ್ಮ, ನೀವು ಬನ್ನಿ" ಎನ್ನುವುದರಾಚೆ ಹೋಗಬೇಡಿ. ಗಾಯಾಳುವಿನ ಮುಖ ಕಾಣುವ ಚಿತ್ರವನ್ನು ತೆಗೆಯಬೇಡಿ, ತೆಗೆಯುವವರ ಕೈಗೆ ಟಾರ್ಚ್ ಹಿಡಿಯುವ ಕೆಲಸ ಕೊಡಿ.

ಪ್ರಶ್ನೆ: ಅಪಘಾತದಲ್ಲಿ ನನ್ನದೇ ವಾಹನವಿದ್ದರೆ?

ಆಗ ನೀವು ಗುಡ್ ಸಮರಿಟನ್ ಅಲ್ಲ, 134ನೇ ಕಲಮಿನ ಚಾಲಕ. ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದೂ ಪೊಲೀಸರಿಗೆ ಮಾಹಿತಿ ನೀಡುವುದೂ ನಿಮ್ಮ ಕಡ್ಡಾಯ ಕರ್ತವ್ಯ. ಗುಂಪಿನ ಆಕ್ರೋಶದಿಂದ ಅಲ್ಲಿ ನಿಲ್ಲಲಾಗದಿದ್ದರೆ ಕಾಯ್ದೆಯೇ ಅದನ್ನು ವಿನಾಯಿತಿಯಾಗಿ ಹೇಳುತ್ತದೆ. ಆದರೂ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ಹೋಗಿ ತಿಳಿಸಬೇಕು.

ಪ್ರಶ್ನೆ: ಕೈಗೆ ರಕ್ತ ತಾಗಿತು, ಗ್ಲೌಸ್ ಇರಲಿಲ್ಲ. ಹೆದರಬೇಕೇ?

ಗಾಯವಿಲ್ಲದ ಚರ್ಮಕ್ಕೆ ತಾಗಿದ ರಕ್ತವನ್ನು ಸೋಪು ನೀರಿನಿಂದ ತೊಳೆದರೆ ಸಾಕು. ಕೈಯಲ್ಲಿ ತೆರೆದ ಗಾಯವಿದ್ದರೆ, ಗಾಜು ಚುಚ್ಚಿದ್ದರೆ, ಕಣ್ಣಿಗೆ ಸಿಡಿದಿದ್ದರೆ ತೊಳೆದು, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಚ್.ಐ.ವಿ. ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಬೇಕು, ಮೊದಲ ಕೆಲವು ಗಂಟೆಗಳಲ್ಲಿ ಆರಂಭಿಸಿದರೆ ಹೆಚ್ಚು ಒಳ್ಳೆಯದು. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸುಗಳನ್ನು ತರಬೇತಿಯ ಆರಂಭದಲ್ಲೇ ಮುಗಿಸಿಕೊಳ್ಳಿ.

ಪ್ರಶ್ನೆ: ಬ್ಯಾಗಿನಲ್ಲಿ ಏನನ್ನು ಇಟ್ಟುಕೊಂಡಿರಬೇಕು?

ನಾಲ್ಕು ಜೊತೆ ಗ್ಲೌಸ್, ಪಾಕೆಟ್ ಮಾಸ್ಕ್ (ಬಾಯಿಯಿಂದ ಉಸಿರು ಕೊಡುವಾಗ ನಡುವೆ ಇಡುವ ಮುಖವಾಡ), ಎರಡು ತ್ರಿಕೋನ ಬ್ಯಾಂಡೇಜ್, ಗಾಯಕ್ಕೆ ಇಡುವ ಗಾಜ್ ಬಟ್ಟೆಯ ಪ್ಯಾಕೆಟ್, ಬಟ್ಟೆ ಕತ್ತರಿ, ಮಾರ್ಕರ್ ಪೆನ್, ಸಣ್ಣ ಟಾರ್ಚ್, ಹೊಳೆಯುವ ಜಾಕೆಟ್. ಟೂರ್ನಿಕೆಟ್ ಕೊಳ್ಳುವುದಾದರೆ ಒಳ್ಳೆಯದನ್ನೇ ಕೊಳ್ಳಿ. ಅಗ್ಗದ ನಕಲಿಗಳ ಕಡ್ಡಿ ತಿರುಚುವಾಗಲೇ ಮುರಿಯುತ್ತದೆ. ಸಿರಿಂಜು, ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ), ಔಷಧ ಬೇಡ. ಇದ್ದರೆ ಬಳಸಬೇಕೆನಿಸುತ್ತದೆ.

ಪ್ರಶ್ನೆ: ಎರಡು ವಾರವಾಯಿತು, ಕಣ್ಣು ಮುಚ್ಚಿದರೆ ಅದೇ ದೃಶ್ಯ. ಈ ವೃತ್ತಿಗೆ ನಾನು ತಕ್ಕವನಲ್ಲವೇ?

ಇದು ನಿಮ್ಮ ಯೋಗ್ಯತೆಯ ಪ್ರಶ್ನೆಯೇ ಅಲ್ಲ. ಡ್ಯೂಟಿಯಲ್ಲಿ ಕಂಡದ್ದನ್ನು ಪಾಳಿ ಮುಗಿದ ಮೇಲೆ ಜೊತೆಗಾರರೊಡನೆ ಚಹಾ ಕುಡಿಯುತ್ತ ಆಡಿಕೊಂಡು ಹಗುರಾಗುತ್ತೇವೆ. ರಜೆಯಲ್ಲಿ ಕಂಡದ್ದಕ್ಕೆ ಆ ಜೊತೆಯಿರುವುದಿಲ್ಲ, ಮನೆಯವರಿಗೆ ಹೇಳಿದರೆ ಅವರೇ ಗಾಬರಿಯಾಗುತ್ತಾರೆ. ನಿಮ್ಮ ಬೋಧಕರಲ್ಲಿ ಒಬ್ಬರಿಗೆ ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿ. ನಿದ್ದೆ ಬಾರದಿರುವುದು, ಆ ರಸ್ತೆಯನ್ನೇ ತಪ್ಪಿಸಿ ಓಡಾಡುವುದು, ಸಣ್ಣ ಸದ್ದಿಗೂ ಬೆಚ್ಚುವುದು ತಿಂಗಳು ಕಳೆದರೂ ಕಡಿಮೆಯಾಗದಿದ್ದರೆ, ಅಥವಾ ಅದಕ್ಕೂ ಮೊದಲೇ ತಡೆಯಲಾಗದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.

ಪ್ರಶ್ನೆ: ಗಾಯಾಳುವಿಗೆ ಆಮೇಲೆ ಏನಾಯಿತೆಂದು ಆಸ್ಪತ್ರೆಯಲ್ಲಿ ವಿಚಾರಿಸಬಹುದೇ?

ವಿಚಾರಿಸಬಹುದು, ಹೇಳಲೇಬೇಕೆಂಬ ಹಕ್ಕು ನಿಮಗಿಲ್ಲ. ರೋಗಿಯ ವಿವರ ರೋಗಿಗೆ ಸೇರಿದ್ದು. ಒಮ್ಮೆ ಕೇಳಿ, ಹೇಳದಿದ್ದರೆ ಒತ್ತಾಯಿಸಬೇಡಿ, ಪರಿಚಯದ ನರ್ಸ್ ಮೂಲಕ ಕೇಸ್ ಶೀಟ್ ನೋಡುವ ಪ್ರಯತ್ನವಂತೂ ಬೇಡವೇ ಬೇಡ. ಮನೆಯವರ ಸಂಖ್ಯೆ ನಿಮ್ಮ ಫೋನಿನಲ್ಲಿ ಉಳಿದಿದ್ದರೆ ಅದನ್ನು ಅಳಿಸಿಬಿಡಿ. ಅವರಾಗಿಯೇ ಕರೆ ಮಾಡಿದರೆ ಮಾತನಾಡಿ.